ಜಪಾನು ಬೀಗಿದ ಭಾನುವಾರ

ಎಲ್ಲ ರಗಳೆಗೂ ಮೂಲ ಒಂದು ಗುಡಿಸು.

ಭಾನುವಾರ ಬೆಳಿಗ್ಗೆ ಪತ್ರಿಕೆಯ ಪುರವಣಿ ಬಿಡಿಸಿ ನೋಡಿದರೆ, ‘ಬಾಗುತ್ತಾನೆ’ ಎಂದಿರಬೇಕಾದ ಕಡೆ ‘ಬೀಗುತ್ತಾನೆ’ ಎಂದು ಅಚ್ಚಾಗಿತ್ತು. ಬಕಾರಕ್ಕೆ ಇಳಿ ಕೊಡಬೇಕಾದವರು ಗುಡಿಸು ಕೊಟ್ಟಿದ್ದರು. ಅದೂ ಸಾಲದೆಂದು ಪಕ್ಕದಲ್ಲೊಂದು ದೀರ್ಘ ಎಳೆದಿದ್ದರು. ಈಗ ವಾಕ್ಯ ಹೀಗಾಗಿತ್ತು: ‘ಮನುಷ್ಯ ದೊಡ್ಡವನಾದಷ್ಟೂ ಹೆಚ್ಚು ಬೀಗುತ್ತಾನೆ. ಜಪಾನಿನಿಂದ ನಾವು ಕಲಿಯಬೇಕಾದ ಮೊದಲ ಪಾಠ ಇದೇ.’

ಅದನ್ನು ಬರೆದವನು ಹಾಸಿಗೆಯ ಮೇಲೆ ಕೂತು ತಲೆ ಚಚ್ಚಿಕೊಂಡ. ಇಡೀ ಒಂದು ನಾಡಿನ ವಿನಯವನ್ನು ಒಂದೇ ಅಕ್ಷರದಲ್ಲಿ ಮಣ್ಣುಪಾಲು ಮಾಡಿದ್ದಾಗಿತ್ತು. ಯಾರನ್ನಾದರೂ ಬೈಯೋಣವೆಂದರೆ ಬೈಯಲು ಬೇರೆ ಯಾರೂ ಇರಲಿಲ್ಲ. ಆ ಪತ್ರಿಕೆಯಲ್ಲಿ ಕರಡು ತಿದ್ದುವವನು ಅವನೇ. ಊರವರ ತಪ್ಪನ್ನೆಲ್ಲ ಹೆಕ್ಕಿ ತೆಗೆಯುವ ಆಸಾಮಿ, ತನ್ನದೇ ಬರಹದ ಕರಡು ಬಂದಾಗ ಮಾತ್ರ ‘ಆಹಾ, ಎಷ್ಟು ಚೆನ್ನಾಗಿ ಬರೆದಿದ್ದೀನಿ’ ಎಂದು ಮೆಚ್ಚಿಕೊಳ್ಳುತ್ತ ಕೂತಿದ್ದನೇ ಹೊರತು ಅಕ್ಷರಗಳ ಕಡೆ ನೋಡಿರಲಿಲ್ಲ.

ಕಟ್ಟಡದವರೆಲ್ಲ ಅವನನ್ನು ಕರೆಯುವುದು ಜಪಾನು ಎಂದು. ಅವನು ಜಪಾನಿಗೆ ಹೋದವನಲ್ಲ. ಜಪಾನಿನವರೊಬ್ಬರನ್ನು ಹತ್ತಿರದಿಂದ ಕಂಡವನೂ ಅಲ್ಲ. ಆ ಭಾಷೆಯ ಒಂದಕ್ಷರವೂ ಅವನಿಗೆ ಬರುವುದಿಲ್ಲ. ಎಷ್ಟೋ ವರ್ಷದ ಹಿಂದೆ ಕಚೇರಿಗೆ ಜಪಾನಿನ ಇತಿಹಾಸದ ಒಂದು ದಪ್ಪ ಪುಸ್ತಕ ವಿಮರ್ಶೆಗೆಂದು ಬಂದಿತ್ತು. ಯಾರೂ ಮುಟ್ಟಲಿಲ್ಲ. ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಅದನ್ನು ಒತ್ತು ಕೊಟ್ಟಿಟ್ಟಿದ್ದರು. ಇವನು ಪಾಪ ಎನಿಸಿ ಅದನ್ನು ಮನೆಗೊಯ್ದು, ಓದಿ, ಒಂದು ವಿಮರ್ಶೆ ಬರೆದುಕೊಟ್ಟ. ಮುಗಿಯಿತು. ಅಂದಿನಿಂದ ಜಪಾನಿನ ಅರಸರು, ಕತ್ತಿವೀರರು, ಚಹಾ ಕುಡಿಯುವ ಕ್ರಮ, ಕಲ್ಲಿನ ತೋಟ, ಕೋಣೆಯಿಂದ ಹೊರಗೇ ಬಾರದ ಹುಡುಗರು, ಯಾರಿಗೂ ಗೊತ್ತಾಗದಂತೆ ಒಬ್ಬರೇ ಸಾಯುವ ಮುದುಕರು, ಹೀಗೆ ಜಪಾನ್ ಎಂಬ ಹೆಸರು ಹೊತ್ತ ಪುಸ್ತಕವೆಲ್ಲ ಸೀದಾ ಅವನ ಮೇಜಿಗೇ ಬಂದು ಬೀಳತೊಡಗಿತು.

ಬರೆದದ್ದನ್ನು ಓದುವವರು ಮಾತ್ರ ಯಾರೂ ಇರಲಿಲ್ಲ. ಒಮ್ಮೆ ಪಕ್ಕದ ಮೇಜಿನವನನ್ನು ನಾಚಿಕೆ ಬಿಟ್ಟು ಕೇಳಿದ್ದ, “ನಂದು ಓದಿದ್ರಾ?” ಎಂದು. “ಓ, ಬಹಳ ಚೆನ್ನಾಗಿತ್ತು ಕಣ್ರೀ. ಯಾವುದರ ಬಗ್ಗೆ ಅದು?” ಎಂದಿದ್ದ ಅವನು. ಕೆಳಗಿನ ಮನೆಯೊಡತಿಗೆ ಆ ಪುಟ ಬಹಳ ಇಷ್ಟ. “ನಿಮ್ಮ ಪುಟ ನಮ್ಮ ಪಾತ್ರೆ ಕಪಾಟಿಗೆ ಹಾಸೋಕೆ ಅಳತೆ ಮಾಡಿದ ಹಾಗಿದೆ” ಎನ್ನುತ್ತಿದ್ದಳು. ನೀರು ಕೇಳಲು ಹೋದಾಗಲೆಲ್ಲ ಅವನು ಲೋಟಗಳ ಸಂದಿಯಿಂದ ತನ್ನ ಸಾಲುಗಳನ್ನು ತಾನೇ ಓದಿಕೊಂಡು ಬರುತ್ತಿದ್ದ. ಕೋಣೆಯಲ್ಲಿ ಎರಡು ಚಹಾ ಬಟ್ಟಲು ಇಟ್ಟಿದ್ದ. ಒಂದರ ಅಂಚು ಸವೆದು ಹೋಗಿತ್ತು. ಇನ್ನೊಂದು ಯಾರಾದರೂ ಬಂದರೆ ಇರಲೆಂದು ಕೊಂಡದ್ದು. ಅದರ ತಳದಲ್ಲಿ ಅಂಗಡಿಯವನ ಚೀಟಿ ಇನ್ನೂ ಹಾಗೇ ಅಂಟಿಕೊಂಡಿತ್ತು. ಯಾರೂ ಬಂದಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಅವನ ಫೋನಿನ ವಿಷಯ ಇಲ್ಲೇ ಹೇಳಿಬಿಡಬೇಕು. ಬಕೆಟ್ಟಿನ ನೀರಿಗೆ ಬಿದ್ದ ಮೇಲೆ ಅದು ಕಿವಿಯಲ್ಲಿ ಪಿಸುಗುಟ್ಟುವುದನ್ನು ಬಿಟ್ಟು, ಏನಿದ್ದರೂ ಸ್ಪೀಕರಿನಲ್ಲೇ ಕೂಗುತ್ತಿತ್ತು. ಅವನಿಗೆ ಬರುವ ಕರೆಯನ್ನು ಇಡೀ ಕಟ್ಟಡ ಕೇಳುತ್ತಿತ್ತು. ಕರೆ ಬರುತ್ತಿದ್ದುದೇ ಅಪರೂಪವಾದ್ದರಿಂದ ಇದುವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ.

“ರೀ ಜಪಾನ್! ಏನ್ರೀ ಅದು ಬೀಗೋದು?” ಪುರವಣಿಯ ಸಂಪಾದಕರ ದನಿ ಗೋಡೆಗೆ ಬಡಿದು ವಾಪಸು ಬಂತು.

ಜಪಾನು ಎದ್ದು ನಿಂತ. “ಸಾರ್, ಅದು ಬಾಗೋದು ಸಾರ್. ಅಚ್ಚಿನ ತಪ್ಪು... ನೀವು ಓದಿದ್ರಾ?”

“ನಾನ್ಯಾಕೆ ಓದ್ಲಿ? ಬೆಳಿಗ್ಗೆ ಬೆಳಿಗ್ಗೆ ಒಬ್ರು ಓದುಗರು ಫೋನ್ ಮಾಡಿ ಹೇಳಿದ್ರು.”

“ಯಾರು ಸಾರ್?”

“ಓದುಗರು ಕಣ್ರೀ, ಓದುಗರು! ಜಪಾನಿನವರು. ಮೊದಲಿಂದ ನೀವು ಬರೆದದ್ದು ಒಂದೂ ಬಿಟ್ಟಿಲ್ವಂತೆ. ನಿಮ್ಮನ್ನ ನೋಡ್ಲೇಬೇಕಂತೆ. ವಿಳಾಸ ಕೊಟ್ಟಿದೀನಿ, ಮಧ್ಯಾಹ್ನದ ಮೇಲೆ ಬರ್ತಾರೆ. ತಿದ್ದುಪಡಿ ಹಾಕ್ಬೇಕಾ ಬೇಡ್ವಾ ಅಂತ ಅವರನ್ನೇ ಕೇಳಿ ಹೇಳಿ.”

“ಸಾರ್, ಜಪಾನಿನವರು ಅಂದ್ರೆ...”

ಕರೆ ಕಡಿದುಹೋಗಿತ್ತು. ಮತ್ತೆ ಮಾಡಿದರೆ ಸಂಪಾದಕರು ಎತ್ತಲಿಲ್ಲ. ಭಾನುವಾರ ಕಚೇರಿಯ ಮಾತಾಡಿದರೆ ಅವರ ಹೆಂಡತಿ ಸುಮ್ಮನಿರುವವರಲ್ಲ.

ಓದುಗರು! ಈ ಪದವನ್ನು ಅವನು ಪತ್ರಿಕೆಯಲ್ಲಿ ಎಷ್ಟು ಸಲ ತಿದ್ದಿದ್ದನೋ ಲೆಕ್ಕವಿಲ್ಲ. ಅಂಥದ್ದೊಂದು ತನ್ನ ಪಾಲಿಗೂ ಇದೆಯೆಂದು ಅವನಿಗೆ ತೋಚಿರಲೇ ಇಲ್ಲ. ಪುರವಣಿಯನ್ನು ಎದೆಗವಚಿಕೊಂಡು ಬಾಗಿಲು ತೆರೆದರೆ, ಮನೆಯೊಡತಿ ಸೌಟು ಹಿಡಿದು ಮೆಟ್ಟಿಲ ಮೇಲೇ ನಿಂತಿದ್ದಳು. ಅವಳ ಹಿಂದೆ ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು, ಅವರ ಹಿಂದೆ ಪಕ್ಕದ ಕೋಣೆಯ ಟೈಲರ್ ನಿಂತಿದ್ದರು.

“ಜಪಾನಿಂದ ಬರ್ತಿದಾರಾ? ನಮ್ಮ ಕಟ್ಟಡಕ್ಕಾ?” ಎಂದಳು ಮನೆಯೊಡತಿ.

“ಅಕ್ಕಾ, ಅದು... ಯಾರೋ ಓದುಗರು...”

“ಓದುಗರೋ ಬರೆಯೋರೋ, ಜಪಾನಿನವರು ಹೌದೋ ಅಲ್ವೋ?”

ಜಪಾನಿನಲ್ಲಿ ಕೂತು ನಮ್ಮ ಭಾಷೆ ಓದುವವರು ಯಾರಿರುತ್ತಾರೆ ಎಂಬ ಸಣ್ಣ ಅನುಮಾನ ಅವನ ತಲೆಯಲ್ಲಿ ಸುಳಿಯದೆ ಇರಲಿಲ್ಲ. ಆದರೆ ತನ್ನ ಬಾಯಿಂದ ಏನು ಬರುತ್ತದೋ ಎಂದು ಮೂರು ಮುಖಗಳು ಕಾದು ನಿಂತದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. “ಹೂಂ ಅಕ್ಕಾ, ಜಪಾನಿನವರೇ. ದೊಡ್ಡ ವಿದ್ವಾಂಸರಿರಬೇಕು” ಎಂದುಬಿಟ್ಟ.

ಆಮೇಲೆ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ.

“ಹಸಿ ಮೀನು ತಿಂತಾರಂತಲ್ಲ, ನಮ್ಮ ಬೆಕ್ಕನ್ನ ಕಟ್ಟಿಹಾಕ್ಲಾ?” ಎಂದಳು ಮನೆಯೊಡತಿ. “ಇಲ್ಲ ಅಕ್ಕಾ, ಬಿಸ್ಕತ್ತು ಸಾಕು” ಎಂದರೂ ಬೆಕ್ಕು ಕಪಾಟಿನೊಳಗೆ ಸೇರಿತು. ಡ್ರಿಲ್ ಮೇಷ್ಟ್ರು ಕಟ್ಟಡದ ಹೆಂಗಸರು ಮಕ್ಕಳನ್ನೆಲ್ಲ ವರಾಂಡದಲ್ಲಿ ಸಾಲು ನಿಲ್ಲಿಸಿ, “ಸೊಂಟದಿಂದ ಬಾಗ್ಬೇಕು! ಕತ್ತಿಂದ ಅಲ್ಲ! ಒಂದ್... ಎರಡ್... ಯಾರದು ನಗ್ತಿರೋದು?” ಎಂದು ಶುರು ಹಚ್ಚಿಕೊಂಡರು. ಟೈಲರ್ ಒಂದು ಸುತ್ತು ಜಪಾನಿನ ಸುತ್ತ ತಿರುಗಿ, “ಈ ಅಂಗಿ ಪ್ಯಾಂಟಲ್ಲಿ ನಿಂತ್ರೆ ನಮ್ಮ ಮಾನ ಹೋಗುತ್ತೆ” ಎಂದು, ತನ್ನ ಅಂಗಡಿಯ ಕಿಟಕಿ ಪರದೆಯನ್ನೇ ಇಳಿಸಿ ತಂದು, ಎರಡು ಕಡೆ ಟಾಕು ಹಾಕಿ ಒಂದು ನಿಲುವಂಗಿ ಮಾಡಿದ. ಪರದೆಯ ಉಂಗುರಗಳನ್ನು ಬಿಚ್ಚುವುದಕ್ಕೆ ಪುರುಸೊತ್ತಾಗಲಿಲ್ಲ. ಜಪಾನು ಒಂದೊಂದು ಹೆಜ್ಜೆ ಇಟ್ಟಾಗಲೂ ಝಣ್ ಎನ್ನುತ್ತಿತ್ತು.

“ಎಲ್ರೂ ನಿಂತ್ಕೊಂಡೇ ಇರೋದಾ?” ಎಂದು ಮನೆಯೊಡತಿ ಬಾಡಿಗೆ ಕುರ್ಚಿಯ ಅಂಗಡಿಗೂ ಹೇಳಿಕಳಿಸಿದಳು. ಅವರ ಗಾಡಿಯವನು ಬಂದು ಮಡಚುವ ಕುರ್ಚಿಗಳನ್ನು ಕೆಳಗಿನ ಓಣಿಯಲ್ಲಿ ರಾಶಿ ಹಾಕಿ, “ಮೇಲೆ ಸಾಗಿಸಿ ಹಾಕೋಕೆ ನಮ್ಮೋರೊಬ್ಬರು ಬರ್ತಾರೆ” ಎಂದು ಹೇಳಿ ಹೋದ.

ಜಪಾನು ವರಾಂಡದ ನಡುವಿನ ದೊಡ್ಡ ಕುರ್ಚಿಯಲ್ಲಿ ಪರದೆ ಹರವಿಕೊಂಡು ಕೂತ. ಪಕ್ಕದ ಸಣ್ಣ ಮೇಜಿನ ಮೇಲೆ ಆ ಹೊಸ ಬಟ್ಟಲನ್ನು ತೊಳೆದು ಇಟ್ಟಿದ್ದ. ಚೀಟಿ ಕೀಳಲು ಹೋದರೆ ಬರಲಿಲ್ಲ, ತಳದಲ್ಲಿ ತಾನೇ, ಯಾರು ನೋಡುತ್ತಾರೆ ಎಂದುಕೊಂಡ.

“ಕುರ್ಚಿಯವರು ಬಂದ್ರು!” ಎಂದು ಮನೆಯೊಡತಿ ಕೆಳಗಿನಿಂದ ಕೂಗಿದಳು.

ನೆರೆತ ಕೂದಲಿನ, ಸಣಕಲು ಮನುಷ್ಯನೊಬ್ಬ ಎರಡು ಕೈಯಲ್ಲೂ ಕುರ್ಚಿ ಹಿಡಿದು ಮೆಟ್ಟಿಲು ಹತ್ತಿ ಬಂದ. ಜಪಾನನ್ನು ಕಂಡವನೇ ಕುರ್ಚಿ ಇಳಿಸಿ, ಸೊಂಟ ಬಗ್ಗಿಸಿ ನಿಂತು, “ಸಾರ್, ನಾನು...” ಎಂದ.

“ಆ ಗೋಡೆ ಪಕ್ಕ ಹಾಕಿ. ಸಾಲು ನೆಟ್ಟಗಿರಲಿ” ಎಂದ ಜಪಾನು.

ಅವನು ಇನ್ನೊಮ್ಮೆ ಬಗ್ಗಿ ಕುರ್ಚಿ ಹಾಕಲು ಹೋದ. ಪಾಪ, ಸೊಂಟ ಹಿಡಿದಿರಬೇಕು, ಮಾತು ಮಾತಿಗೂ ಬಗ್ಗುತ್ತಾನೆ ಎಂದುಕೊಂಡ ಜಪಾನು. ಹಾಗೆಂದುಕೊಂಡು ಮರೆತ.

ಅವನಿಗೆ ಅದಕ್ಕಿಂತ ದೊಡ್ಡ ಕೆಲಸ ಕಾದಿತ್ತು. “ಅತಿಥಿಗಳು ಬರೋವರೆಗೆ ಜಪಾನ್ ಬಗ್ಗೆ ಏನಾದ್ರೂ ಹೇಳಿ ಮತ್ತೆ, ನಾವೂ ತಿಳ್ಕೊಳ್ತೀವಿ” ಎಂದು ಯಾರೋ ಅಂದರು. ಅಷ್ಟು ವರ್ಷದಿಂದ ಯಾರೂ ಕೇಳದ ಮಾತು! ಜಪಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಅಲ್ಲಿ ದೊಡ್ಡವರು ಹೇಗೆ ಬಾಗುತ್ತಾರೆ, ಬಂದವರನ್ನು ಹೇಗೆ ಮೇಲಿನ ಜಾಗದಲ್ಲಿ ಕೂರಿಸುತ್ತಾರೆ, ಚಹಾ ಕೊಡುವವನು ಕುಡಿಯುವವನಿಗಿಂತ ಹೇಗೆ ತಗ್ಗಿ ಕೂರುತ್ತಾನೆ ಎಂದೆಲ್ಲ ಹೇಳುತ್ತ ಹೋದ. ಜನ ತಲೆದೂಗಿದರು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು, ದನಿ ಏರಿತು. ಒಂದು ಸಲ ಟೈಲರನ ಕಡೆ ಕೈಬೀಸಿ, “ನಿಮಗೆ ಅರ್ಥ ಆಗಲ್ಲ ಬಿಡಿ” ಎಂದೂ ಅಂದ. ಹಾಗನ್ನುವ ಸುಖ ಏನೆಂದು ಅವನಿಗೆ ಅಂದೇ ಗೊತ್ತಾದದ್ದು.

ಮಧ್ಯೆ ಕುರ್ಚಿಯವನು ಮೇಜಿನ ಹತ್ತಿರ ಬಂದು, ಆ ಹೊಸ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ, ತಿರುಗಿಸಿ ತಿರುಗಿಸಿ ನೋಡುತ್ತ, “ಚೆನ್ನಾಗಿದೆ ಸಾರ್. ನಿಮ್ಮ ಲೇಖನದಲ್ಲಿ ಆ ಬಾಗುವ ವಿಷಯ...” ಎಂದ.

“ಅಯ್ಯೋ, ಇಡ್ರೀ ಅದನ್ನ!” ಜಪಾನು ಅರಚಿದ. “ಅದು ಅತಿಥಿಗಳಿಗೆ ಅಂತ ಇಟ್ಟಿರೋದು. ಬಿದ್ದು ಒಡೆದ್ರೆ? ಲೇಖನ ಗೀಖನ ನಿಮಗ್ಯಾಕೆ, ಮೊದಲು ಕುರ್ಚಿ ನೋಡಿ.”

ಆ ಮನುಷ್ಯ ಬಟ್ಟಲನ್ನು ಮೆಲ್ಲಗೆ ಇಟ್ಟ. ಕೆಂಪಗಾಗಿದ್ದ. ಬಗ್ಗಿ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೋದ.

ಸ್ವಲ್ಪ ಹೊತ್ತಿಗೆ ಜಪಾನು ಮೆಟ್ಟಿಲ ಕಡೆ ನೋಡಿದರೆ, ರಾಶಿ ಬಿದ್ದಿದ್ದ ಚಪ್ಪಲಿಗಳೆಲ್ಲ ಜೋಡಿಜೋಡಿಯಾಗಿ, ಮೂತಿ ಹೊರಗೆ ಮಾಡಿಕೊಂಡು ಸಾಲಾಗಿ ಕೂತಿದ್ದವು. ಜಪಾನಿನಲ್ಲಿ ಹೀಗೇ ಇಡುತ್ತಾರೆ ಎಂದು ಅವನೇ ಎಷ್ಟೋ ಸಲ ಬರೆದಿದ್ದ. “ನೋಡಿದ್ರಾ ಮೇಷ್ಟ್ರೇ, ನನ್ನ ಮಾತಿನ ಪ್ರಭಾವ!” ಎಂದ. “ಮಾತಲ್ಲ ಸ್ವಾಮಿ, ನನ್ನ ಡ್ರಿಲ್ಲು” ಎಂದರು ಮೇಷ್ಟ್ರು. ಇಬ್ಬರೂ ಬೀಗಿದರು.

“ಬಂದ್ರೂ! ಬಂದ್ರೂ!” ಕೆಳಗಿನಿಂದ ಮಕ್ಕಳು ಕಿರುಚಿದವು.

ಮೆಟ್ಟಿಲು ಹತ್ತಿ ಬಂದವನು ಸೂಟು ಹಾಕಿದ್ದ. ಮುಖಕ್ಕೆ ಮಾಸ್ಕು, ಕೈಯಲ್ಲಿ ಕರಿ ಪೆಟ್ಟಿಗೆ. ಮೂಗು ಬಾಯಿ ಕಾಣದಿದ್ದರೂ ಎಲ್ಲರಿಗೂ ಅದು ಜಪಾನಿನ ಮುಖವೇ ಎನಿಸಿತು. “ಒಂದ್!” ಎಂದರು ಮೇಷ್ಟ್ರು. ವರಾಂಡ ಇಡೀ ಸೊಂಟದಿಂದ ಬಾಗಿತು. ಜಪಾನಿನ ಪರದೆ ಝಣ್ ಎಂದಿತು.

ಬಂದವನು ಬೆಕ್ಕಸ ಬೆರಗಾಗಿ ತಾನೂ ಒಂದಿಷ್ಟು ಬಾಗಿ, ಮಾಸ್ಕಿನೊಳಗಿಂದ, “ಜಿರ್ಲಿದ್ಯಾ?” ಎಂದ.

“ಏನಂದ್ರು?” ಮನೆಯೊಡತಿ ಪಿಸುಗುಟ್ಟಿದಳು. ಎಲ್ಲರ ಕಣ್ಣೂ ಜಪಾನಿನ ಮೇಲೆ.

ಗೊತ್ತಿಲ್ಲ ಎಂದರೆ ಇಷ್ಟು ಹೊತ್ತಿನ ಗೌರವವೆಲ್ಲ ನೀರಿಗೆ ಬೀಳುತ್ತದೆ. ಜಪಾನು ಕಣ್ಣು ಮುಚ್ಚಿ, “ಅದು... ಹಳೇ ಕಾಲದ ಒಂದು ನಮಸ್ಕಾರ. ಅರಮನೆಯವರು ಮಾತ್ರ ಹೇಳ್ತಿದ್ದದ್ದು” ಎಂದ.

“ಎಲ್ರೂ ಹೇಳಿ! ಎರಡ್!” ಎಂದರು ಮೇಷ್ಟ್ರು.

“ಜಿರ್ಲಿದ್ಯಾ!” ಎಂದು ವರಾಂಡ ಒಕ್ಕೊರಲಿನಿಂದ ಬಾಗಿತು.

ಬಂದವನು ಮಾಸ್ಕು ಕೆಳಗಿಳಿಸಿದ. “ಜಿರಳೆ ಇದ್ಯಾ ಅಂತ ಕೇಳ್ದೆ ಸಾರ್. ನಾವು ಮನೆ ಮನೆಗೆ ಬಂದು ಔಷಧಿ ಹೊಡೀತೀವಿ. ಎಲ್ಲರ ಮನೇಲೂ ಇದ್ಯಾ ಹಾಗಾದ್ರೆ?”

ವರಾಂಡದಲ್ಲಿ ಎದ್ದ ನಗು ನಿಲ್ಲುವಂತೆ ಕಾಣಲಿಲ್ಲ. ಟೈಲರ್ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು, “ಅರಮನೆ ಜಿರಳೆ! ನಮಗೆ ಅರ್ಥ ಆಗಲ್ಲ ಬಿಡಿ!” ಎಂದ. ಮೇಷ್ಟ್ರು ಮೀಸೆ ತಿರುವುತ್ತ, “ನಾನು ಆವಾಗ್ಲೇ ಅಂದ್ಕೊಂಡೆ” ಎಂದು ಜಾರಿಕೊಂಡರು. ಮನೆಯೊಡತಿ ಮಾತ್ರ ಔಷಧಿಯವನನ್ನು ತನ್ನ ಅಡುಗೆಮನೆಗೆ ಕರೆದುಕೊಂಡು ಹೋದಳು. ಕಪಾಟು ತೆರೆದದ್ದೇ ಬೆಕ್ಕು ಅವನ ಎದೆಗೆ ಹಾರಿತಂತೆ. ಬಿಸ್ಕತ್ತು ಮುಗಿಸಿ ಜನ ಒಬ್ಬೊಬ್ಬರಾಗಿ ಕರಗಿದರು. ಹೋಗುತ್ತ ಹೋಗುತ್ತ ಮಕ್ಕಳು ಒಂದಕ್ಕೊಂದು ಬಾಗಿ ‘ಜಿರ್ಲಿದ್ಯಾ’ ಎಂದುಕೊಳ್ಳುತ್ತಿದ್ದವು.

ಖಾಲಿ ಕುರ್ಚಿಗಳ ನಡುವೆ ಜಪಾನು ಇಂಗು ತಿಂದ ಮಂಗನಂತೆ ನಿಂತಿದ್ದ. ತಿರುಗಿ ನೋಡಿದರೆ ಆ ಕುರ್ಚಿಯವನು ಮೂಲೆಯಲ್ಲಿ ಇನ್ನೂ ಇದ್ದ. ಅವನ ತುಟಿಯಲ್ಲೂ ಸಣ್ಣ ನಗು. ಅದು ಗೇಲಿಯ ನಗುವಲ್ಲ, ಪಾಪ ಎನ್ನುವ ನಗು. ಆದರೆ ಅದನ್ನು ಬಿಡಿಸಿ ನೋಡುವ ಸ್ಥಿತಿಯಲ್ಲಿ ಜಪಾನು ಇರಲಿಲ್ಲ.

“ಸಾರ್, ಈಗಲಾದ್ರೂ ಒಂದು ಮಾತು...” ಎಂದು ಆತ ಹತ್ತಿರ ಬಂದ.

“ನೀವೂ ನಗೋಕೆ ಬಂದ್ರಾ?” ಜಪಾನು ಸಿಟ್ಟನ್ನೆಲ್ಲ ಅವನ ಮೇಲೆ ಸುರಿದ. “ಕುರ್ಚಿ ಹೊರೋರು ಕುರ್ಚಿ ಹೊತ್ಕೊಂಡು ಹೋಗ್ಬೇಕು. ಬಾಡಿಗೆ ವಿಷಯ ಅಂಗಡೀಲಿ ಮಾತಾಡ್ತೀನಿ. ಈಗ ದೊಡ್ಡವರೊಬ್ರು ಬರೋರಿದ್ದಾರೆ, ನಡೀರಿ ನಡೀರಿ!”

ಆ ಮನುಷ್ಯ ಅವನನ್ನೇ ನೋಡಿದ. ಆಮೇಲೆ ಎಂದಿಗಿಂತ ಹೆಚ್ಚಾಗಿ, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ಮೆಟ್ಟಿಲಿಳಿದು ಹೋದ. ಕುರ್ಚಿ ಒಂದನ್ನೂ ತೆಗೆದುಕೊಳ್ಳಲಿಲ್ಲ. ಎಂಥ ಸೋಮಾರಿ ಎಂದುಕೊಂಡ ಜಪಾನು.

ಅವನು ಕಾದ. ಬೀದಿಯಲ್ಲಿ ಕಾರಿನ ಸದ್ದಾದರೆ ಎದ್ದು ನಿಲ್ಲುತ್ತಿದ್ದ, ಸದ್ದು ದಾಟಿ ಹೋದರೆ ಕೂರುತ್ತಿದ್ದ. ಚಹಾ ಎರಡು ಸಲ ಆರಿ ಎರಡು ಸಲ ಬಿಸಿಯಾಯಿತು. ಬಿಸಿಲು ಕುರ್ಚಿಗಳ ಮೇಲಿಂದ ಒಂದೊಂದಾಗಿ ಇಳಿದು ಹೋಯಿತು. ಬರುವವರು ಜಿರಳೆ ವಿಷಯ ಕೇಳಿ ನಕ್ಕರೂ ಪರವಾಗಿಲ್ಲ, ಬರಲಿ, ಎದುರಿಗೆ ಕೂತು ಒಂದು ಬಟ್ಟಲು ಚಹಾ ಕುಡಿಯಲಿ, ಇಷ್ಟು ವರ್ಷ ಬರೆದದ್ದು ಒಬ್ಬರ ಮನಸ್ಸಿಗಾದರೂ ಮುಟ್ಟಿತು ಎಂದು ಗೊತ್ತಾಗಲಿ, ಅಷ್ಟೇ ಸಾಕು ಎನಿಸುತ್ತಿತ್ತು ಅವನಿಗೆ.

ಕೊನೆಗೂ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಜಪಾನು ಎದ್ದು, ಮೇಷ್ಟ್ರು ಕಲಿಸಿದಂತೆ ಸೊಂಟದಿಂದ ಬಾಗಿದ.

“ಏನು ಬಿದ್ದೋಯ್ತು ಸಾರ್, ಹುಡುಕ್ಲಾ?” ಎಂದ ಬಂದವನು. ದಢೂತಿ ಆಸಾಮಿ, ಬೆವರು ಸುರಿಸುತ್ತಿದ್ದ. “ತಪ್ಪು ತಿಳೀಬೇಡಿ, ಸೈಕಲ್ ಪಂಕ್ಚರಾಗಿ ತಡ ಆಯ್ತು. ಕುರ್ಚಿ ಎಲ್ಲಿ ಹಾಕ್ಬೇಕು? ಅರೆ, ಹಾಕೇ ಬಿಟ್ಟಿದೀರಾ?”

“ನೀವ್ಯಾರು?”

“ಕುರ್ಚಿ ಅಂಗಡಿಯೋನು ಸಾರ್.”

“ಮತ್ತೆ ಮಧ್ಯಾಹ್ನ ಬಂದಿದ್ದೋರು?”

“ನಮ್ಮ ಅಂಗಡೀಲಿ ಕುರ್ಚಿ ಹಾಕೋನು ನಾನೊಬ್ಬನೇ ಸಾರ್.”

ಜಪಾನಿನ ಕಣ್ಣು ಮೊದಲು ಹೋದದ್ದು ಮೆಟ್ಟಿಲ ಕಡೆ. ಅಲ್ಲಿ ಅವನ ಒಂದೇ ಜೊತೆ ಚಪ್ಪಲಿ ಉಳಿದಿತ್ತು, ಮೂತಿ ಹೊರಗೆ ಮಾಡಿಕೊಂಡು. ಮಾತು ಮಾತಿಗೂ ಬಗ್ಗಿದ್ದು, ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ತಿರುಗಿಸಿ ನೋಡಿದ್ದು... ಇದನ್ನೆಲ್ಲ ಪುಸ್ತಕದಲ್ಲಿ ಕಂಡಿದ್ದರೆ ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದ.

ಫೋನು ಕೂಗಿತು.

“ರೀ ಜಪಾನ್, ಏನ್ರೀ ಮಾಡಿದ್ರಿ ಅವರನ್ನ?” ಸಂಪಾದಕರ ದನಿ ಖಾಲಿ ವರಾಂಡದ ತುಂಬ ಹರಡಿತು. “ಬಂದಿದ್ರಂತೆ. ನಿಮ್ಮನ್ನ ಕೇಳೋಕೆ ಬಾಗಿಲಲ್ಲಿ ‘ಜಪಾನ್ ಅವರು ಇದಾರಾ’ ಅಂದಿದ್ದಕ್ಕೆ, ‘ಇನ್ನೂ ಬಂದಿಲ್ಲ, ನಿಮ್ಮನ್ನೇ ಕಾಯ್ತಿದ್ವಿ, ಕುರ್ಚಿ ಎತ್ತಿ’ ಅಂದ್ರಂತಲ್ಲ ಯಾರೋ?”

“ಸಾರ್, ನೀವು ಜಪಾನಿನವರು ಅಂದ್ರಿ...”

“ಜಪಾನಿನಲ್ಲಿದ್ದೋರು ಕಣ್ರೀ. ನಮ್ಮೋರೇ. ಅಲ್ಲಿ ಬಂದರಿನಲ್ಲಿ ಗುಮಾಸ್ತರಾಗಿದ್ರಂತೆ. ಹೆಂಡತಿ ಅಲ್ಲಿಯೋರೇ, ತೀರ್ಕೊಂಡ್ರಂತೆ. ಇಲ್ಲಿ ಜಪಾನ್ ಅಂದ್ರೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ, ನಿಮ್ಮ ಪುಟ ಓದ್ಕೊಂಡು ದಿನ ಕಳೀತಿದ್ದೆ, ಭಾನುವಾರಕ್ಕೊಂದು ಸಲ ನಿಮ್ಮನೆಗೆ ಬಂದು ಕೂತು ಹೋಗ್ಲಾ ಅಂತ ಕೇಳೋಣ ಅಂತ ಬಂದಿದ್ರಂತೆ.”

“ಅವರ ನಂಬರ್ ಕೊಡಿ ಸಾರ್. ಈಗಲೇ ಹೋಗ್ತೀನಿ. ಕಾಲಿಗೆ ಬೀಳ್ತೀನಿ.”

“ನಂಬರ್ ಎಲ್ಲಿ? ಎರಡು ಸಲಾನೂ ಯಾವುದೋ ಅಂಗಡಿಯಿಂದ ಮಾಡಿದ್ರು. ಕೋಪ ಏನಿರ್ಲಿಲ್ಲ ಬಿಡಿ. ಅವರಿಗೆ ತುಂಬ ಜನ ಇದಾರೆ, ಇನ್ನು ನಾನ್ಯಾಕೆ ತೊಂದ್ರೆ ಕೊಡ್ಲಿ ಅಂದ್ರು.”

ಜಪಾನು ಮೇಜಿನ ಅಂಚು ಹಿಡಿದುಕೊಂಡ. ಹೊಸ ಬಟ್ಟಲಿನಲ್ಲಿ ಮೂರನೇ ಸಲ ಆರಿದ ಚಹಾ ಕೆನೆ ಕಟ್ಟಿತ್ತು.

“ಹಾಂ, ಆ ತಿದ್ದುಪಡಿ ವಿಷಯ” ಎಂದರು ಸಂಪಾದಕರು. “ಬೆಳಿಗ್ಗೆ ತಪ್ಪು ಅಂದಿದ್ರಲ್ಲ, ಈಗ ಬೇಡ ಅಂದ್ಬಿಟ್ರು. ‘ಮನುಷ್ಯ ದೊಡ್ಡವನಾದಷ್ಟೂ ಬೀಗುತ್ತಾನೆ ಅನ್ನೋದು ಅಚ್ಚಿನ ತಪ್ಪು ಅಂದ್ಕೊಂಡಿದ್ದೆ. ಅವರನ್ನ ನೋಡಿದ ಮೇಲೆ ಗೊತ್ತಾಯ್ತು, ಸರಿಯಾಗೇ ಬರೆದಿದ್ದಾರೆ’ ಅಂದ್ರು. ನನಗಂತೂ ತಲೆಬುಡ ತಿಳೀಲಿಲ್ಲ. ಕರಡು ತಿದ್ದೋರು ನೀವು. ಏನ್ ಮಾಡೋಣ ಹೇಳಿ, ಬಾಗೋದೋ ಬೀಗೋದೋ?”

ಜಪಾನು ಫೋನಿನ ಮುಂದೆ ಮೆಲ್ಲಗೆ ಬಾಗಿದ. ಪರದೆಯ ಉಂಗುರಗಳು ಝಣ್ ಎಂದವು.

“ತಿದ್ದುಪಡಿ ಬೇಡ ಸಾರ್” ಎಂದ. “ಅಚ್ಚಾಗಿರೋದೇ ಸರಿ.”